ಕೊಟ್ಟೆ ಕಟ್ಟಿದ ಸಿಂಕು: ಯಾರ್ಕ್‌ಶೈರ್ ಹಿತ್ತಲಿನ ಒಂದು ಪುಟ್ಟ ಆಲ್ಪೈನ್ ತೋಟದ ಪ್ರಕರಣ

ಈ ಬರಹದಲ್ಲಿ ಬರುವ ಅಕ್ಕನ ಹೆಸರು, ಊರು ಎರಡೂ ಹಾಕಬಾರದು ಅಂತ ಕರಾರು. "ಸತ್ತ ಗಿಡಗಳ ಲೆಕ್ಕ ಬರೀತೀಯ, ಬರಿ. ನನ್ನ ಹೆಸರು ಎಂತಕ್ಕೆ ಮಾರಾಯಾ?" ಅಂದರು. ಸರಿ, ಹಾಗಾಗಿ ಬರೀ ಅಕ್ಕ. ಹುಟ್ಟಿದ್ದು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ. ಈಗ ಇರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಮನೆಯ ಹಿಂದೆ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಕಲ್ಲು ಹಾಸಿದ ಹಿತ್ತಲು. ಇಷ್ಟು ಗೊತ್ತಿದ್ದರೆ ಸಾಕು. ನಾನು ಅಲ್ಲೇ ಸ್ವಲ್ಪ ದೂರದಲ್ಲಿರುವವನು. ಆಲ್ಪೈನ್, ಅಂದರೆ ಎತ್ತರದ ಬೆಟ್ಟದ ಪುಟ್ಟ ಗಿಡಗಳ ಹುಚ್ಚು ಅವರಿಗಿಂತ ಕೆಲವು ವರ್ಷ ಮೊದಲೇ ಹತ್ತಿಸಿಕೊಂಡವನು. ಹಳೇ ಸಿಂಕೊಂದರಲ್ಲಿ ಈ ಗಿಡ ಬೆಳೆಸಲು ಅವರು ಮಾಡಿದ ಮೂರು ಪ್ರಯತ್ನಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಎರಡು ಸಲ ತಪ್ಪು ಸಲಹೆ ಕೊಟ್ಟವನೂ ನಾನೇ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಶುರುವಾದದ್ದು

2021ರ ಬೇಸಗೆಯಲ್ಲಿ ಅಕ್ಕ, ಭಾವ, ಮಕ್ಕಳು ಎಡಿನ್‌ಬರೋಗೆ ಹೋಗಿದ್ದರು. ಅಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಆಲ್ಪೈನ್ ಹೌಸ್ ಅಂತ ಒಂದಿದೆ. ಅದರ ಪಕ್ಕದಲ್ಲಿ ಕಲ್ಲಿನ ತೊಟ್ಟಿಗಳಲ್ಲಿ ಅಂಗೈಯಷ್ಟು ಬೆಟ್ಟ, ಬೆರಳುದ್ದದ ಮರ, ಬಟನ್ ಗಾತ್ರದ ಹೂವು. "ನಮ್ಮನೆ ಕೊಟ್ಟಿಗೇಲಿ ಅಕ್ಕಚ್ಚು ಇಡೋ ಕಲ್ಲುಬಾನಿ ಇತ್ತಲ್ಲ, ಥೇಟ್ ಅದೇ!" ಅಂತ ಅಕ್ಕ ಅಲ್ಲಿಂದಲೇ ನನಗೆ ಫೋಟೋ ಕಳಿಸಿದರು.

ಅವರು ಹೇಳಿದ್ದು ತಮಾಷೆಗಾದರೂ ನಿಜ. ಈ ತೊಟ್ಟಿಗಳು ಮೊದಲು ದನ ಕುದುರೆಗಳಿಗೆ ನೀರು, ಮೇವು ಇಡುತ್ತಿದ್ದ ಕಲ್ಲುಬಾನಿಗಳೇ, ಇಲ್ಲವೇ ಹಳೇ ಅಡುಗೆಮನೆಯ ಕಲ್ಲಿನ ಸಿಂಕುಗಳು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಸ್ಟೀವನೇಜ್‌ನ ಸಿಕ್ಸ್ ಹಿಲ್ಸ್ ನರ್ಸರಿಯ ಕ್ಲಾರೆನ್ಸ್ ಎಲಿಯಟ್ ಇವುಗಳಲ್ಲಿ ಬೆಟ್ಟದ ಗಿಡ ನೆಟ್ಟು ಪ್ರದರ್ಶನಕ್ಕಿಟ್ಟರು, ಜನಕ್ಕೆ ಹುಚ್ಚು ಹಿಡಿಯಿತು. ಅದಕ್ಕೂ ಮೊದಲು ಬೆಟ್ಟದ ಗಿಡ ಅಂದರೆ ಸಾಹುಕಾರರ ಶೋಕಿ. ಹೆನ್ಲಿ ಊರಿನ ಫ್ರಯರ್ ಪಾರ್ಕ್ ಬಂಗಲೆಯಲ್ಲಿ ಫ್ರಾಂಕ್ ಕ್ರಿಸ್ಪ್ ಎನ್ನುವ ವಕೀಲರು ಹಿತ್ತಲಲ್ಲೇ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದ ಒಂದು ನಕಲು ಕಟ್ಟಿಸಿಬಿಟ್ಟಿದ್ದರು. ಅಕ್ಕನ ಹತ್ತಿರ ಇದ್ದದ್ದು ಪಕ್ಕದ ಮನೆಯವರು ಅಡುಗೆಮನೆ ರಿಪೇರಿಯಲ್ಲಿ ಕಿತ್ತು ಹಾಕಿದ ಬೆಲ್‌ಫಾಸ್ಟ್ ಸಿಂಕು, ಅಂದರೆ ಬಿಳೀ ಪಿಂಗಾಣಿಯ ಆಳದ ಸಿಂಕು. 60 ಸೆಂಟಿಮೀಟರ್ ಉದ್ದ, 45 ಅಗಲ, 25 ಆಳ. ಪುಕ್ಕಟೆ.

ಆಲ್ಪೈನ್ ಅಂದರೇನು ಅಂತ ಒಂದು ಮಾತು. ಬೆಟ್ಟ ಹತ್ತುತ್ತಾ ಹೋದರೆ ಒಂದು ಎತ್ತರದಲ್ಲಿ ಮರಗಳು ಮುಗಿಯುತ್ತವೆ. ಅದರಿಂದ ಮೇಲೆ, ಬಂಡೆ ಸಂದಿಯಲ್ಲಿ, ಜಲ್ಲಿ ರಾಶಿಯಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಪುಟ್ಟ ಗಿಡಗಳು ಇವು. ಆಲ್ಪ್ಸ್ ಒಂದೇ ಅಲ್ಲ, ಹಿಮಾಲಯ, ಆಂಡೀಸ್, ರಾಕೀಸ್ ಎಲ್ಲ ಕಡೆಯೂ ಇವೆ. ಗಿಡ ಗಿಡ್ಡ, ಬೇರು ಮಾತ್ರ ಉದ್ದ. ಮೇಲೆ ಬಿರುಬಿಸಿಲು, ಬೇರಿಗೆ ತಂಪು, ಬಿದ್ದ ನೀರು ನಿಲ್ಲದೆ ಹರಿದು ಹೋಗುವ ಜಾಗ.

ಈ ಕೊನೆಯ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನಿಗೆ ಹೇಳಿಯೂ ಇದ್ದೆ. ಆದರೆ ಹೇಗೆ ಹರಿದು ಹೋಗಬೇಕು ಅನ್ನೋದನ್ನ ತಪ್ಪಾಗಿ ಹೇಳಿದ್ದೆ.

ಮೊದಲ ಸಲ

2021ರ ಸೆಪ್ಟೆಂಬರ್. ಸಿಂಕನ್ನು ಅಡುಗೆಮನೆ ಕಿಟಕಿಯಿಂದ ಕಾಣಬೇಕು ಅಂತ ಉತ್ತರದ ಗೋಡೆಗೆ ಒತ್ತಿ ಇಟ್ಟರು, ಸೂರಿನ ನೀರು ಹೋಗುವ ದೋಣಿಯ ಕೆಳಗೆ. ತೂತಿನ ಮೇಲೆ ಹಳೇ ಚೀಲದ ತುಂಡು. ಅದರ ಮೇಲೆ ಮೂರಿಂಚು ದಪ್ಪ ಬೆಣಚುಕಲ್ಲು ಹಾಕಿ, ನೀರು ಬಸಿಯುತ್ತೆ ಅಂದವನು ನಾನು. ಅದರ ಮೇಲೆ ಅಂಗಡಿಯ ಮಾಮೂಲಿ ಕಾಂಪೋಸ್ಟ್. ಅದಕ್ಕೆ ಎರಡು ಬೊಗಸೆ ಒಣಗಿದ ಸಗಣಿ ಗೊಬ್ಬರ, ಯಾಕಂದರೆ ಅಡಿಕೆ ತೋಟದ ಮನೆಯವರಿಗೆ ಗೊಬ್ಬರ ಹಾಕದೆ ಗಿಡ ನೆಡುವುದು ಅಂದರೆ ಎಲೆ ಹಾಕಿ ಅನ್ನ ಬಡಿಸದ ಹಾಗೆ.

ಒಂಬತ್ತು ಗಿಡ. ಎರಡು ಸೆಂಪರ್ವೈವಮ್ (ದಪ್ಪ ಎಲೆಗಳು ಹೂವಿನ ಹಾಗೆ ಜೋಡಿಸಿಕೊಂಡ ಗಿಡ), ಎರಡು ಸ್ಯಾಕ್ಸಿಫ್ರೇಜ್, ಒಂದೊಂದು ಜೆಂಟಿಯನ್, ಲೆವಿಸಿಯಾ, ಎಡೆಲ್ವೈಸ್, ಡಯಾಂಥಸ್, ಆಂಡ್ರೊಸೇಸ್. ಒಂದು ಗಿಡಕ್ಕೆ ನಾಲ್ಕೈದು ಪೌಂಡು. ಬೆಳಿಗ್ಗೆ ಕಿಟಕಿಯ ಒಳಗಿನ ತುಳಸಿಗೆ ನೀರು ಹಾಕಿದ ಕೈಯಲ್ಲೇ ಹೊರಗೆ ಬಂದು ಇದಕ್ಕೂ ಒಂದು ಚೊಂಬು. ದಿನಾ.

ಮಾರ್ಚ್ ಹೊತ್ತಿಗೆ ಒಂಬತ್ತರಲ್ಲಿ ಏಳು ಸತ್ತಿದ್ದವು.

"ಚಳಿ ತಡೀಲಿಲ್ಲ ಅನ್ಸುತ್ತೆ" ಅಂದರು ಅಕ್ಕ. ನಾನು ಏನೋ ಕೆಲಸದಲ್ಲಿದ್ದೆ, ಫೋನಿನಲ್ಲೇ "ಇರಬಹುದು" ಅಂದುಬಿಟ್ಟೆ. ಆಲ್ಪ್ಸ್ ಬೆಟ್ಟದ ಗಿಡಕ್ಕೆ ಯಾರ್ಕ್‌ಶೈರ್ ಚಳಿ ಯಾವ ಲೆಕ್ಕ ಅಂತ ಒಂದು ನಿಮಿಷ ಯೋಚಿಸಲಿಲ್ಲ. ಆ ದಿನ ಹೋಗಿ ಮಣ್ಣು ಕೆದಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಈ ಪ್ರಕರಣದಲ್ಲಿ ಅತಿ ದುಬಾರಿ ಆದದ್ದು ನನ್ನ ಆ "ಇರಬಹುದು".

ಎರಡನೇ ಸಲ

2022ರ ಏಪ್ರಿಲ್‌ನಲ್ಲಿ ಅದೇ ಮಣ್ಣಿಗೆ ಹೊಸ ಏಳು ಗಿಡ ತಂದು ನೆಟ್ಟರು. ಆ ಬೇಸಗೆ ನೆನಪಿದೆಯಲ್ಲ, ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊದಲ ಸಲ 40 ಡಿಗ್ರಿ ದಾಟಿದ್ದು. ಗಿಡಗಳು ಬಾಡಿದವು, ಸಂಜೆ ನೀರು ಕೊಟ್ಟ ಮೇಲೆ ಎದ್ದವು. ಒಣ ಬೇಸಗೆ ಆದ್ದರಿಂದ ಮಣ್ಣಿನ ದೋಷ ಹೊರಗೆ ಕಾಣಲೇ ಇಲ್ಲ. ನಾವಿಬ್ಬರೂ ಗೆದ್ದೆವು ಅಂದುಕೊಂಡೆವು.

ಚಳಿಯೇ ಶತ್ರು ಅಂತ ತೀರ್ಮಾನ ಆಗಿತ್ತಲ್ಲ, ಹಾಗಾಗಿ ನವೆಂಬರ್‌ನಲ್ಲಿ ಏಳೂ ಗಿಡಗಳನ್ನು ಕಿತ್ತು ಕುಂಡಕ್ಕೆ ಹಾಕಿ ಮನೆಗೆ ಅಂಟಿದ ಗಾಜಿನ ಕೋಣೆಗೆ ತಂದರು. ಹೀಟರ್ ಬೇರೆ. ಹಳೆಯ ಎರಡು ಸೆಂಪರ್ವೈವಮ್ ಮಾತ್ರ ಸಿಂಕಿನ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲಿನ ಅಡಿ ಸಿಕ್ಕಿಕೊಂಡಿದ್ದವು. ಕೀಳಲು ಬರಲಿಲ್ಲ, "ಸತ್ತರೆ ಸಾಯಲಿ" ಅಂತ ಬಿಟ್ಟರು. ಸೋಮಾರಿತನ ಅನ್ನಿ. ಆದರೆ ಮುಂದೆ ಎಲ್ಲ ಬದಲಾದದ್ದು ಈ ಬಿಟ್ಟುಹೋದ ಎರಡರಿಂದ.

ಆ ಡಿಸೆಂಬರ್ ಬ್ರಿಟನ್ನಿನಲ್ಲಿ ಗಟ್ಟಿ ಚಳಿ ಬಿತ್ತು. ಒಂದು ವಾರಕ್ಕೂ ಜಾಸ್ತಿ ದಿನ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ. ಹಿತ್ತಲಿನ ಬಕೆಟ್ಟಿನ ನೀರು ಕಲ್ಲಾಗಿತ್ತು.

ಒಳಗಿದ್ದವು ಬೆಚ್ಚಗೆ ಇದ್ದವು, ಹಾಳೂ ಆದವು. ಇಲ್ಲಿ ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೆಳಕಿಲ್ಲದೆ ಬೆಚ್ಚಗಿದ್ದರೆ ಈ ಗಿಡಗಳು ನಿದ್ದೆಗೆ ಹೋಗುವ ಬದಲು ಬೆಳಕು ಹುಡುಕಿಕೊಂಡು ಉದ್ದಕ್ಕೆ ಚಾಚುತ್ತವೆ. ದಿಂಬಿನ ಹಾಗೆ ಗುಂಡಗಿದ್ದ ಆಂಡ್ರೊಸೇಸ್ ಬಡಕಲು ಬೆರಳುಗಳ ಹಾಗೆ ಬಿಳಿಚಿ ನಿಂತಿತ್ತು. ಡಯಾಂಥಸ್ ತುಂಬ ಹೇನು. ಲೆವಿಸಿಯಾದ ನಡುವೆ ಬೂದು ಬಣ್ಣದ ಬೂಷ್ಟು.

ಮೂಲೆಯ ಎರಡು ಗಿಡ

2023ರ ಫೆಬ್ರವರಿಯ ಒಂದು ಭಾನುವಾರ ನಾನು ಹೋದೆ. ತಿಂಡಿಗೆ ಅವಲಕ್ಕಿ ತಿಂದು, ಬೂಟು ಹಾಕಿಕೊಂಡು ಹಿತ್ತಲಿಗೆ ಇಳಿದರೆ, ಮೂಲೆಯ ಎರಡೂ ಸೆಂಪರ್ವೈವಮ್ ಕೆಂಪಗೆ ಮೈತುಂಬಿ ಕೂತಿದ್ದವು. ಹೊರಗೆ, ಅಷ್ಟು ಚಳಿಯಲ್ಲಿ, ಯಾರ ಆರೈಕೆಯೂ ಇಲ್ಲದೆ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನೋಡಿದೆವು. ಆಮೇಲೆ ಅಕ್ಕ ಕರಣೆ ತಂದರು.

ಸಿಂಕಿನ ನಡುವೆ ಅಗೆದರೆ ಮಣ್ಣು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು. ಹಳೇ ಗಿಡಗಳ ಬೇರು ಬೆಂದ ಶಾವಿಗೆಯ ಹಾಗೆ ಕೈಗೆ ಅಂಟಿ ಕಳಚಿ ಬಂದವು. ಅಲ್ಲಿಂದ ಒಂದು ಅಡಿ ಆಚೆ, ಚಪ್ಪಡಿ ಕಲ್ಲಿನ ಅಡಿಯ ಮಣ್ಣು ಉದುರು ಉದುರಾಗಿತ್ತು. ಆ ಮೂಲೆ ನೆಲದ ಓರೆಯಿಂದ ಒಂದಿಂಚು ಮೇಲಿತ್ತು, ಮೇಲಿನ ಕಲ್ಲು ಮಳೆಯನ್ನು ಆಚೆ ತಳ್ಳುತ್ತಿತ್ತು. ಚಳಿ ಎರಡು ಕಡೆಗೂ ಒಂದೇ. ನೀರು ಮಾತ್ರ ಬೇರೆ.

ಕೆಳಗಿನ ಬೆಣಚುಕಲ್ಲಿನ ಪದರ ನೋಡಿ ನನಗೆ ನಾಚಿಕೆಯಾಯಿತು. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತೊಪ್ಪೆಯಾಗುವವರೆಗೂ ಕೆಳಗಿನ ದಪ್ಪ ಕಲ್ಲಿಗೆ ನೀರು ಇಳಿಯುವುದೇ ಇಲ್ಲ. ಒದ್ದೆ ಸ್ಪಂಜನ್ನು ಕಲ್ಲಿನ ಮೇಲಿಟ್ಟರೆ ಒಣಗುತ್ತದೆಯೇ? ಮೂರಿಂಚು ಕಲ್ಲು ಹಾಕಿ ನಾವು ಮಾಡಿದ್ದು ಇಷ್ಟೇ, ನಿಂತ ನೀರನ್ನು ಮೂರಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ತಂದದ್ದು. ಸಾಲದ್ದಕ್ಕೆ ಚೀಲದ ತುಂಡು ಕೆಸರು ಹಿಡಿದು ತೂತನ್ನೂ ಮುಚ್ಚಿತ್ತು.

ಇನ್ನು ಚಳಿಗಾಲದ ವಿಷಯ. ಬೆಟ್ಟದ ಮೇಲೆ ಈ ಗಿಡಗಳು ತಿಂಗಳುಗಟ್ಟಲೆ ಹಿಮದ ಕೆಳಗೆ ಇರುತ್ತವೆ. ಹಿಮ ಅಂದರೆ ಕಂಬಳಿ. ಅದರ ಅಡಿ ಸುಮಾರು ಸೊನ್ನೆ ಡಿಗ್ರಿ, ಆದರೆ ನೀರೆಲ್ಲ ಗಟ್ಟಿ ಕಟ್ಟಿರುವುದರಿಂದ ಗಿಡಕ್ಕೆ ಅದು ಒಣ ಕಾಲ. ಇಂಗ್ಲೆಂಡಿನ ಚಳಿಗಾಲದಲ್ಲಿ ಹಿಮ ಕಮ್ಮಿ, ಜಿನುಗು ಮಳೆ ಜಾಸ್ತಿ. ವರ್ಷದ ಲೆಕ್ಕ ಹಾಕಿದರೆ ಅಕ್ಕನ ಊರಿನ ಮಳೆ ಬೆಂಗಳೂರಿಗಿಂತ ಜಾಸ್ತಿಯೇನಲ್ಲ. ಆದರೆ ಬಿದ್ದದ್ದು ಆರುವುದಿಲ್ಲ, ಅದೇ ತೊಂದರೆ.

ಆ ಸಂಜೆ ಅಕ್ಕ ಊರಿಗೆ ವಿಡಿಯೋ ಕಾಲ್ ಮಾಡಿದರು. ಅಪ್ಪಯ್ಯನಿಗೆ ಎಂಬತ್ತು ದಾಟಿದೆ, ಈ ಗಿಡಗಳ ಹೆಸರು ಒಂದೂ ಬಾಯಿಗೆ ಹತ್ತುವುದಿಲ್ಲ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಬಸಿಗಾಲುವೆ ಎಲ್ಲಿದೆ?"

ಅಡಿಕೆ ತೋಟ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಸಾಲಿನ ನಡುವೆ ಬಸಿಗಾಲುವೆ ಹೂಳು ತುಂಬಿದರೆ ಮರ ಹಳದಿ ತಿರುಗುತ್ತದೆ, ಬೇರು ಕೊಳೆಯುತ್ತದೆ. ಅಕ್ಕ ತೂತಿನ ಕತೆ ಹೇಳಿದರು. ಅದಕ್ಕೆ ಅಪ್ಪಯ್ಯ, "ಅಷ್ಟೇ ಸಾಲದು ಕೂಸೇ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಎಂತ ಮಾಡ್ತಿದ್ವಿ? ಕೊಟ್ಟೆ ಕಟ್ತಿದ್ವಿ. ನಿನ್ನ ಗಿಡಕ್ಕೂ ಒಂದು ಕೊಟ್ಟೆ ಕಟ್ಟು."

ಕೊಟ್ಟೆ ಅಂದರೆ, ಗೊತ್ತಿಲ್ಲದವರಿಗಾಗಿ, ಕೊಳೆರೋಗ ಬರದಿರಲಿ ಅಂತ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಮಾಡುವ ಹೊದಿಕೆ. ಹಿಂದೆ ಕರಡದ ಹುಲ್ಲಿನದು, ಆಮೇಲೆ ಪ್ಲಾಸ್ಟಿಕ್ಕಿನದೂ ಬಂತು. ಮೇಲಿಂದ ಮಳೆ ತಡೆಯುತ್ತದೆ, ಕೆಳಗಿಂದ ಗಾಳಿ ಆಡುತ್ತದೆ. ಇಲ್ಲಿನ ಆಲ್ಪೈನ್ ಬೆಳೆಗಾರರು ಚಳಿಗಾಲದಲ್ಲಿ ಗಿಡದ ಮೇಲೆ ಗಾಜಿನ ಹಾಳೆ ಕಟ್ಟುವುದು ನನಗೆ ಗೊತ್ತಿತ್ತು. ಪ್ರದರ್ಶನಕ್ಕೆ ಬೆಳೆಸುವವರ ಶೋಕಿ ಅಂದುಕೊಂಡು ಅಕ್ಕನಿಗೆ ಹೇಳಿರಲಿಲ್ಲ. ನನ್ನ ಸಿಂಕು ಮರದ ಮಾಡಿನ ಅಡಿಯಲ್ಲಿದೆ, ಹೀಗಾಗಿ ನನಗೆ ಅದರ ಅಗತ್ಯ ಬಿದ್ದಿರಲೇ ಇಲ್ಲ. ನಮ್ಮ ಹಿತ್ತಲಲ್ಲಿ ನಡೆದದ್ದು ಇನ್ನೊಬ್ಬರ ಹಿತ್ತಲಲ್ಲೂ ನಡೆಯುತ್ತೆ ಅಂದುಕೊಳ್ಳುವುದು ತೋಟ ಮಾಡುವವರ ಹಳೇ ರೋಗ.

ಮೂರನೇ ಸಲ

ಏಪ್ರಿಲ್ ತನಕ ಕಾದೆವು, ಸಿಮೆಂಟಿನ ಕೆಲಸಕ್ಕೆ ಹಿಮ ಬೀಳುವ ರಾತ್ರಿ ಆಗುವುದಿಲ್ಲ. ಬಿಳೀ ಸಿಂಕು ನೋಡಲು ಆಸ್ಪತ್ರೆ ಸಾಮಾನಿನ ಹಾಗೆ ಕಾಣುತ್ತಿತ್ತು, ಅದಕ್ಕೆ ಹೈಪರ್‌ಟಫಾ, ಅಂದರೆ ಕಲ್ಲಿನ ಹಾಗೆ ಕಾಣುವ ಸಿಮೆಂಟ್ ಗಾರೆ, ಮೆತ್ತುವುದು ಅಂತಾಯಿತು. ಒಂದು ಪಾಲು ಸಿಮೆಂಟ್, ಒಂದು ಪಾಲು ದಪ್ಪ ಮರಳು, ಎರಡು ಪಾಲು ಜರಡಿ ಹಿಡಿದ ಕೋಕೋಪೀಟ್. ಹಿಂದೆ ಪೀಟ್ ಹಾಕುತ್ತಿದ್ದರು, ಜೌಗು ನೆಲ ಅಗೆದು ತೆಗೆಯುವ ಪೀಟ್ ಯಾಕೆ, ತೆಂಗಿನ ನಾರಿನ ಪುಡಿ ಸಾಕು. ಮೊದಲ ದಿನ ಮೆತ್ತಿದ್ದು ಮರುದಿನ ದೋಸೆಯ ಹಾಗೆ ಎದ್ದು ಬಂತು. ಹೊಳಪಿನ ಮೈಗೆ ಹಿಡಿತವೇ ಇಲ್ಲ. ಎರಡನೇ ಸಲ ಮೈಯನ್ನು ಉಜ್ಜಿ ಒರಟು ಮಾಡಿ, ಅಂಟು ಬಳಿದು, ಅದು ಜಿಗುಟಾಗಿದ್ದಾಗಲೇ ಮೆತ್ತಿದೆವು. ಒಳಗಡೆಯೂ ಮೇಲಿನ ನಾಲ್ಕು ಬೆರಳಷ್ಟು. ಒಂದು ವಾರ ಪ್ಲಾಸ್ಟಿಕ್ ಹೊದಿಸಿ ನಿಧಾನಕ್ಕೆ ಒಣಗಿಸಿದರು. ಭಾವ ಕೈಗವಸು ಬೇಡ ಅಂದರು, ಎರಡು ದಿನ ಬೆರಳು ಉರಿ ಅಂತ ಕೂತರು.

ಜಾಗ ಬದಲಾಯಿಸಿದ್ದು ಮುಖ್ಯವಾದ ತೀರ್ಮಾನ. ಕಿಟಕಿಯಿಂದ ಕಾಣಬೇಕು ಅನ್ನುವ ಆಸೆ ಬಿಟ್ಟು, ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವ ಆಚೆ ಗೋಡೆಯ ಹತ್ತಿರ, ನಾಲ್ಕು ಇಟ್ಟಿಗೆಗಳ ಮೇಲೆ. ತೂತಿನ ಕಡೆಗೆ ಸ್ವಲ್ಪ ವಾಲಿಸಿ. ಮಣ್ಣು ತುಂಬುವ ಮೊದಲೇ ಇದನ್ನೆಲ್ಲ ಮಾಡಿಕೊಳ್ಳಿ, ತುಂಬಿದ ಮೇಲೆ ನೂರು ಕಿಲೋ ದಾಟುತ್ತದೆ.

ತೂತಿಗೆ ಚೀಲ ಬೇಡ, ಕಣ್ಣು ದೊಡ್ಡದಾದ ಜಾಲರಿ. ಬೆಣಚುಕಲ್ಲಿನ ಪದರ ಇಲ್ಲ. ತಳದಿಂದ ಮೇಲಿನವರೆಗೂ ಒಂದೇ ಮಿಶ್ರಣ: ಒಂದು ಪಾಲು ಜಾನ್ ಇನ್ನಿಸ್ ನಂಬರ್ 2 (ಇಲ್ಲಿ ಅಂಗಡಿಯಲ್ಲಿ ಸಿಗುವ, ಮಣ್ಣು ಬೆರೆಸಿದ ಕುಂಡದ ಮಿಶ್ರಣ), ಒಂದು ಪಾಲು ಕೊಳೆತ ಎಲೆಗೊಬ್ಬರ, ಎರಡು ಪಾಲು ಗ್ರಿಟ್, ಅಂದರೆ ತೊಗರಿಬೇಳೆ ಗಾತ್ರದ ಚೂಪು ಜಲ್ಲಿ. ಅರ್ಧಕ್ಕರ್ಧ ಕಲ್ಲು! ಅಕ್ಕನಿಗೆ ಇದನ್ನು ಒಪ್ಪಿಸಲು ಅರ್ಧ ದಿನ ಬೇಕಾಯಿತು. ಸಗಣಿ ಗೊಬ್ಬರದ ಚೀಲವನ್ನು ನಾನೇ ಎತ್ತಿ ಟೊಮ್ಯಾಟೊ ಕುಂಡದ ಹತ್ತಿರ ಇಟ್ಟು ಬಂದೆ.

ಕಲ್ಲಿನದೊಂದು ಉಪಕತೆ. ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ, ಇಂಗಲ್‌ಬರೋ ಬೆಟ್ಟದ ಬುಡದಲ್ಲಿ ಕ್ಲಾಪ್‌ಹ್ಯಾಮ್ ಅಂತ ಊರು. ಇಂಗ್ಲೆಂಡಿಗೆ ಬೆಟ್ಟದ ಗಿಡಗಳ ಹುಚ್ಚು ಹತ್ತಿಸಿದ ರೆಜಿನಾಲ್ಡ್ ಫ್ಯಾರರ್ ಅಲ್ಲಿಯವರು, 1920ರಲ್ಲಿ ಗಿಡ ಹುಡುಕುತ್ತಾ ಬರ್ಮಾದ ಬೆಟ್ಟದಲ್ಲೇ ತೀರಿಕೊಂಡರು. ಅಲ್ಲಿಗೆ ನಡೆಯಲು ಹೋದಾಗ ಅಕ್ಕ ಸುಣ್ಣಕಲ್ಲಿನ ಹಾಸಿನಿಂದ ಎರಡು ಚೆಂದದ ತುಂಡು ಎತ್ತಿ ಚೀಲಕ್ಕೆ ಹಾಕಿದರು. ತೆಗೆಸಿ ವಾಪಸ್ ಇಡಿಸಿದೆ. ಆ ಸುಣ್ಣಕಲ್ಲಿನ ಹಾಸುಗಳಿಗೆ 1981ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇದೆ. ತೋಟದ ಅಲಂಕಾರಕ್ಕೆ ಅಂತಲೇ ಎಷ್ಟೋ ಹಾಸುಗಳನ್ನು ಜನ ಒಡೆದು ಸಾಗಿಸಿದ್ದಾರೆ. ಕೊನೆಗೆ ಕಲ್ಲಿನ ಅಂಗಡಿಯಿಂದ ಒಡೆದ ಮರಳುಗಲ್ಲು ತಂದೆವು.

ಅವುಗಳನ್ನು ಮಲಗಿಸದೆ, ಪುಸ್ತಕ ನಿಲ್ಲಿಸಿದ ಹಾಗೆ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿ ಅರ್ಧದಷ್ಟು ಹೂತೆವು. ಸಂದಿ ಎರಡು ಬೆರಳು. ಗಿಡ ಆ ಸಂದಿಗಳಿಗೆ. ಬೇರು ಕಲ್ಲಿನ ಮೈ ಹಿಡಿದು ತಂಪಿಗೆ ಇಳಿಯುತ್ತದೆ, ಕತ್ತಿನ ಹತ್ತಿರ ನೀರು ನಿಲ್ಲುವುದಿಲ್ಲ. ಲೆವಿಸಿಯಾವನ್ನು ಅಡ್ಡಡ್ಡ ನೆಟ್ಟೆವು, ಗೋಡೆಯಿಂದ ಹೊರಗೆ ಇಣುಕುವ ಹಾಗೆ. ಅದರ ಎಲೆಗಳ ಬಟ್ಟಲಲ್ಲಿ ನೀರು ತಂಗಿದರೆ ಗಿಡ ಉಳಿಯುವುದಿಲ್ಲ. ಮೇಲೆ ಒಂದಿಂಚು ಬರೀ ಗ್ರಿಟ್. ಮೂಲೆಗೆ ಒಂದು ಜೂನಿಪರ್ ಕಂಪ್ರೆಸ್ಸಾ ಅನ್ನುವ ಕುಳ್ಳ ಮರ, ಮೇಣದಬತ್ತಿಯಷ್ಟು ಎತ್ತರ, ಅದು ಬೆಳೆಯುವುದು ನಮ್ಮ ಸರ್ಕಾರಿ ಕಾಮಗಾರಿಯ ವೇಗದಲ್ಲಿ.

ಒಟ್ಟು ಹನ್ನೆರಡು ಗಿಡ. ಹದಿಮೂರನೆಯದನ್ನು ನನಗೆ ಹೇಳದೆ ತಂದಿದ್ದರು. ಸ್ನೋ ಇನ್ ಸಮ್ಮರ್, ಹೆಸರು ಚೆಂದ ಅಂತ. ಆಗಸ್ಟ್ ಹೊತ್ತಿಗೆ ಸಿಂಕಿನ ಮೂರರಲ್ಲೊಂದು ಪಾಲನ್ನು ಅದು ನುಂಗಿತ್ತು. ಕಿತ್ತು ಬೇಲಿಯ ಆಚೆ ನೆಟ್ಟರು, ಅಲ್ಲಿ ಈಗ ಬೇಲಿಯನ್ನು ನುಂಗುತ್ತಿದೆ.

ಅಕ್ಟೋಬರ್‌ನಲ್ಲಿ ಕೊಟ್ಟೆ. ಗಾಜಿನಂಥ ಪ್ಲಾಸ್ಟಿಕ್ಕಿನ ಪಾಲಿಕಾರ್ಬೊನೇಟ್ ಹಾಳೆ, ನಾಲ್ಕು ಕಡೆ ಕಬ್ಬಿಣದ ಸರಳು, ಗಿಡದಿಂದ ಒಂದು ಗೇಣು ಮೇಲೆ, ಒಂದು ಬದಿಗೆ ಓರೆ. ಪಕ್ಕಗಳು ಪೂರ್ತಿ ತೆರೆದವು. ಪಕ್ಕ ಮುಚ್ಚಿದರೆ ಗಾಜಿನ ಕೋಣೆಯ ಬೂಷ್ಟೇ ಮತ್ತೆ ಬರುತ್ತದೆ.

ಆಮೇಲೆ

ಪರೀಕ್ಷೆ ಸುಲಭದ್ದಾಗಿರಲಿಲ್ಲ. 2024ರ ಮಾರ್ಚ್‌ಗೆ ಮುಗಿದ ಹದಿನೆಂಟು ತಿಂಗಳು ಇಂಗ್ಲೆಂಡಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ಹದಿನೆಂಟು ತಿಂಗಳು. ಜನವರಿಯಲ್ಲಿ ಇಶಾ ಬಿರುಗಾಳಿ ಬಂದ ರಾತ್ರಿ ಕೊಟ್ಟೆ ಹಾರಿ ಪಕ್ಕದ ಮನೆಯ ಗುಲಾಬಿ ಗಿಡದ ಮೇಲೆ ಬಿತ್ತು. ಸಿಂಕು ಕೊಟ್ಟವರೂ ಅವರೇ, ಹಾಗಾಗಿ ನಗಾಡಿದರು. ಆಮೇಲೆ ಸರಳುಗಳಿಗೆ ತಂತಿ ಬಿಗಿದರು.

ಹನ್ನೆರಡರಲ್ಲಿ ಹತ್ತು ಉಳಿದವು. ಒಂದು ಡಯಾಂಥಸ್ ಅನ್ನು ಕರಿ ಹಕ್ಕಿ ಹುಳ ಹುಡುಕುತ್ತಾ ಕಿತ್ತೆಸೆಯಿತು. ಇನ್ನೊಂದು, ಸೆಂಪರ್ವೈವಮ್, ಮುಟ್ಟಿದರೆ ಮುಚ್ಚಳದ ಹಾಗೆ ಕೈಗೆ ಬಂತು. ಅಡಿಯಲ್ಲಿ ಬೇರೇ ಇಲ್ಲ, ಕಂದು ತಲೆಯ, ಬಾಗಿದ ಬಿಳೀ ಹುಳ. ವೈನ್ ವೀವಿಲ್ ಅನ್ನುವ ಜೀರುಂಡೆಯ ಮರಿ. ಮುಂದಿನ ಸೆಪ್ಟೆಂಬರ್‌ನಲ್ಲಿ, ಮಣ್ಣು ಇನ್ನೂ ಬೆಚ್ಚಗಿದ್ದಾಗ, ಅವುಗಳನ್ನು ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಜಂತುಗಳನ್ನು ನೀರಿನಲ್ಲಿ ಕಲಸಿ ಹಾಕಿದರು. ಆಮೇಲೆ ಆ ಕಾಟ ಕಾಣಲಿಲ್ಲ.

ದಿನಾ ಒಂದು ಚೊಂಬು ನೀರಿನ ಅಭ್ಯಾಸ ಬಿಡುವುದು ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಈಗ ಗ್ರಿಟ್ಟಿನೊಳಗೆ ಬೆರಳು ತೂರಿಸಿ ನೋಡುತ್ತಾರೆ, ಒಣಗಿದ್ದರೆ ಮಾತ್ರ ನೀರು. ಬೇಸಗೆಯಲ್ಲಿ ಚೆನ್ನಾಗಿಯೇ ಬೇಕು, ಅರ್ಧ ಕಲ್ಲಿನ ಮಣ್ಣು ಬೇಗ ಒಣಗುತ್ತದೆ. ಕೊಟ್ಟೆಯ ಕೆಳಗೆ ಚಳಿಗಾಲದಲ್ಲಿ ಎರಡು ಮೂರು ಸಲ ಸಿಂಕಿನ ಅಂಚಿಗೆ ಸ್ವಲ್ಪ.

ಇದನ್ನು ಓದಿ ಬೆಂಗಳೂರಿನ ಬಾಲ್ಕನಿಯಲ್ಲಿ ಮಾಡಬಹುದಾ ಅಂತ ಕೇಳುವವರಿಗೆ: ಜೆಂಟಿಯನ್, ಆಂಡ್ರೊಸೇಸ್ ಬೇಡ. ಅವಕ್ಕೆ ಚಳಿಯ ನಿದ್ದೆ, ತಣ್ಣನೆ ರಾತ್ರಿ ಬೇಕೇ ಬೇಕು, ಫ್ರಿಜ್ಜಿನ ಉಪಾಯಗಳು ನಡೆಯುವುದಿಲ್ಲ. ಆದರೆ ನೆಟ್ಟಗೆ ನಿಲ್ಲಿಸಿದ ಕಲ್ಲು, ಅರ್ಧ ಜಲ್ಲಿಯ ಮಣ್ಣು, ಒಂದೇ ಮಿಶ್ರಣ, ಮಳೆಗಾಲಕ್ಕೊಂದು ಕೊಟ್ಟೆ, ಇಷ್ಟನ್ನು ಹಾಗೇ ಎತ್ತಿಕೊಂಡು ದಪ್ಪ ಎಲೆಯ ಸಕ್ಯುಲೆಂಟ್‌ಗಳಿಗೆ ಬಳಸಬಹುದು. ಜೂನ್ ತಿಂಗಳಲ್ಲಿ ಅವು ಸಾಯುವುದೂ ಇದೇ ಕಾರಣಕ್ಕೆ.

2024ರ ಮೇ ತಿಂಗಳಲ್ಲಿ ಲೆವಿಸಿಯಾ ಹೂ ಬಿಟ್ಟಿತು, ಗುಲಾಬಿ ಬಣ್ಣ, ಪಟ್ಟೆ ಪಟ್ಟೆ. ಅಕ್ಕ ಫೋನನ್ನು ಹತ್ತಿರ ಹಿಡಿದು ಅಪ್ಪಯ್ಯನಿಗೆ ತೋರಿಸಿದರು. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಮೂರು ವರ್ಷಕ್ಕೆ ಇಷ್ಟೇನಾ?" ಅಂದರು.

ಜೆಂಟಿಯನ್ ಇನ್ನೂ ಹೂ ಬಿಟ್ಟಿಲ್ಲ. ಗಿಡ ಚೆನ್ನಾಗಿದೆ, ಎಲೆ ಹಸಿರು, ಸುತ್ತ ನಾಲ್ಕು ಮರಿ. ಜೆಂಟಿಯನ್ ಅಕಾಲಿಸ್ ಹಾಗೇನೇ, ಒಬ್ಬರ ತೋಟದಲ್ಲಿ ಹಾಸಿಗೆಯಷ್ಟು ನೀಲಿ, ಪಕ್ಕದವರ ತೋಟದಲ್ಲಿ ಬರೀ ಎಲೆ. ಪಳಗಿದವರೂ ಜಾಗ ಬದಲಾಯಿಸಿ ನೋಡುತ್ತಾರೆ. ಒಂದು ವರ್ಷ ಮುಟ್ಟಬೇಡಿ ಅಕ್ಕ, ಕಾಯೋಣ ಅಂತ ಹೇಳಿ ಬಂದಿದ್ದೆ. ಆಯ್ತು ಅಂದಿದ್ದರು. ಕಳೆದ ಸಲ ಹೋದಾಗ ನೋಡಿದರೆ ಅದು ಕಲ್ಲಿನ ಆಚೆ ಬದಿಯಲ್ಲಿ ಕೂತಿತ್ತು, ಸುತ್ತಲಿನ ಗ್ರಿಟ್ಟು ಇನ್ನೂ ಹೊಸದಾಗಿ ಕೆದರಿದ ಹಾಗಿತ್ತು. ನಾನು ಏನೂ ಕೇಳಲಿಲ್ಲ.